ತಂತುಮೀಮಾಂಸೆ

ಚಿತ್ರಗ್ರಾಹಕವನ್ನು ಅಲುಗದಂತೆ ಒಯ್ಯುವ ವಿದ್ಯೆಗೆ ಅಮೆರಿಕದ ಗ್ಯಾರೆಟ್ ಬ್ರೌನನು 1970ರ ದಶಕದಲ್ಲಿ ಸ್ಪ್ರಿಂಗು, ಪ್ರತಿಭಾರಗಳಿಂದ ಕೂಡಿದ ಸ್ಟೆಡಿಕ್ಯಾಮನ್ನಿತ್ತು ಉಪಕರಿಸಿದನಷ್ಟೆ. ಅದರ ಅಲ್ಪಮೌಲ್ಯದ ಸಂತಾನವೂ ಮೂರು ಮೋಟಾರುಗಳಿಂದ ಶೋಭಿಸುವುದೂ ವಿಜಯಪುರ, ತಿಕೋಟಾ, ಬಬಲೇಶ್ವರಗಳ ಮದುವೆಮಂಟಪಗಳಲ್ಲಿ ಪುರೋಹಿತರಿಗಿಂತ ಮುಂದೆ ನಿಲ್ಲುವುದೂ ಆದ ಗಿಂಬಲ್ಲಿನ ಕೇಬಲ್ಲನ್ನು ಕುರಿತು ಪೂರ್ವಾಚಾರ್ಯರು ಮೌನ ತಾಳಿದುದರಿಂದ ಈ ಗ್ರಂಥಕ್ಕೆ ಅವಕಾಶವುಂಟಾಯಿತು.

ಉಭಯಾಗ್ರಗಳಲ್ಲಿ ಮುಖವೂ ನಡುವೆ ನಂಬಿಕೆಯೂ ಉಳ್ಳದ್ದು ತಂತು ಎಂದು ಲಕ್ಷಣ. ಎಚ್‌ಡಿಎಂಐ ಜಾತಿಯದು ಸ್ಥೂಲಮುಖಿ, ಕೃಶಮುಖಿ, ಅಣುಮುಖಿ ಎಂದು ತ್ರಿವಿಧ. ಮೂರರಲ್ಲಿಯೂ ಪಿನ್ನುಗಳು 19 ಆಗಿರಲು ಭೇದವೇಕೆಂದು ಪೂರ್ವಪಕ್ಷ. ಮೂರನ್ನೂ ಕೊಳ್ಳಲೆಂದು ಸಿದ್ಧಾಂತ. ಯುಎಸ್‌ಬಿ ಜಾತಿಯಲ್ಲಿ ಚಾರ್ಜು ಮಾತ್ರ ಹರಿಯುವ, ಮಾಹಿತಿಯ ಎಳೆಗಳೇ ಇಲ್ಲದ ವಂಧ್ಯತಂತುವೊಂದುಂಟು. ಹೊರನೋಟಕ್ಕೆ ಅದು ಸತ್ಸಂತಾನದಂತೆಯೇ ಇರುವುದು.

ಇನ್ನು ಗುಣಭೇದ. ದಪ್ಪ ಕವಚದ ಕಠಿನತಂತು ಪ್ರಥಮ. ಸ್ಪ್ರಿಂಗಿನಂತೆ ಎಳೆಯುವ ಸುರುಳಿತಂತು ದ್ವಿತೀಯ. ಮೃದುವಾದ ಪಟ್ಟಿತಂತು ತೃತೀಯ. ಚತುರ್ಥ... ಇರಲಿ, ಸಾಕು.

ಹೇಳಬೇಕಾದುದು ಇಷ್ಟೆ. ಕ್ಯಾಮೆರಾವನ್ನು ಕೂದಲೆಳೆಯಷ್ಟು ಹಿಂದುಮುಂದು ಸರಿಸಿ ತೂಕ ಹೊಂದಿಸಿದ ಮೇಲೆ ಮೋಟಾರಿಗೆ ಅಲ್ಪವೇ ಕೆಲಸ ಉಳಿಯುವುದು. ಆಗ ಒಂದು ಬಿರುಸು ಕೇಬಲ್ ಸಿಕ್ಕಿಸಿದರೆ ಅದು ತನ್ನ ಕಡೆಗೆ ಜಗ್ಗುತ್ತದೆ, ಮೋಟಾರು ಇತ್ತ ಜಗ್ಗುತ್ತದೆ, ಕಾಯುತ್ತದೆ, ನಡುಗುತ್ತದೆ. ತಿಕೋಟಾದ ದ್ರಾಕ್ಷಿಯ ಪಡಗಳಲ್ಲಿ ತಂತಿ ಬಿಗಿದಷ್ಟೂ ಬಳ್ಳಿಗೆ ಹಿತ. ಆ ತಂತಿಯನ್ನೇ ಬಿಗಿದು ಬೆಳೆದು ಈಗ ಗಿಂಬಲ್ ಹಿಡಿದ ನನ್ನ ಅಣ್ಣನ ಮಗನು ಸಡಿಲಿನ ಶಾಸ್ತ್ರವನ್ನು ಹೊಸದಾಗಿ ಕಲಿಯಬೇಕಾಯಿತು.

ಬಬಲೇಶ್ವರದ ಒಂದು ಮದುವೆಯಲ್ಲಿ, “ಕಾಕಾ, ವೈರ್ ಜಗ್ಗಾಕತ್ತೈತ್ರಿ, ಗಿಂಬಲ್ ನಡಗಾಕತ್ತೈತಿ” ಎಂದು ಅವನು ಪಿಸುಗುಟ್ಟಿದ. ಮಂಗಲಾಷ್ಟಕದ ಕೊನೆಯಲ್ಲಿ ಅಕ್ಕಿಕಾಳು ಬೀಳುವ ಗಳಿಗೆಗೆ ಸರಿಯಾಗಿ ಅಣುಮುಖಿಯು ಸಡಿಲಿ ಮಂಟಪದ ಎಲ್ಇಡಿ ಪರದೆ ಕಪ್ಪಾಯಿತು. ಗೋಳಗುಮ್ಮಟದಲ್ಲಿ ಒಂದು ಪಿಸುಮಾತು ತಂತಿಯ ಹಂಗಿಲ್ಲದೆ ಎದುರು ಗೋಡೆಯನ್ನು ಮುಟ್ಟುವುದು, ಅದೂ 1656ರಲ್ಲಿ ತೀರಿಹೋದ ಸುಲ್ತಾನನ ಗೋರಿಯ ಮೇಲೆ. ಇಲ್ಲಿ ಒಂದು ಮೊಳದ ತಂತಿ ತನ್ನ ಆಚೆಯ ತುದಿಗೆ ಚಿತ್ರವನ್ನು ಮುಟ್ಟಿಸಲಾರದೆ ಹೋಯಿತು.

ಮದುವೆಯ ಮನೆಯವರು ಅರ್ಧ ಹಣ ಹಿಡಿದರು. ಮಂಟಪಕ್ಕೆ ಲಕ್ಷಗಟ್ಟಲೆ ಸುರಿದವರು, ಹಗಲಿರುಳು ನಿಂತು ದುಡಿದ ಹುಡುಗನ ಎದುರು ಹತ್ತು ಜನರ ಮಧ್ಯೆ ನೋಟು ಎಣಿಸುತ್ತ, ಎಣಿಸಿದ್ದರಲ್ಲಿ ಮತ್ತೆ ಎರಡು ಹಿಂತೆಗೆದುಕೊಂಡರು! ಈ ತಂತಿಯನ್ನು ಹೊಸೆದವನಿಗೆ, ಇಷ್ಟು ಸಣ್ಣ ತೂತನ್ನು ಇಷ್ಟು ದುಬಾರಿ ಯಂತ್ರಕ್ಕೆ ಕೊರೆದವನಿಗೆ ಯಾರು ಹಣ ಹಿಡಿಯುತ್ತಾರೆ? ಗ್ರಂಥಕರ್ತನು ಇಲ್ಲಿ ಗಾಂಭೀರ್ಯವನ್ನು ಬಿಟ್ಟುದಕ್ಕೆ ಪಂಡಿತರು ಮನ್ನಿಸತಕ್ಕದ್ದು.

ರಿಪೇರಿಯವನು ಸಾಕೆಟ್ ಬೋರ್ಡಿಗೆ ಬೆಸುಗೆಯಾಗಿರುವುದರಿಂದ ಬೋರ್ಡನ್ನೇ ಬದಲಿಸಬೇಕೆಂದನು. ಹುಡುಗ ಮನೆಗೆ ಬಂದು, ಕೇಬಲ್ಲಿಗೆ ಅರ್ಧವೃತ್ತದ ಸಡಿಲು ಬಿಟ್ಟು, ಅದರ ಕೊರಳನ್ನು ಕ್ಯಾಮೆರಾದ ಮೈಗೆ ರಬ್ಬರ್‌ಬ್ಯಾಂಡಿನಿಂದ ಕಟ್ಟಿದ. ಮರುದಿನ ಬೆಳಿಗ್ಗೆ ತಿಕೋಟಾದಲ್ಲಿ ಇನ್ನೊಂದು ಮದುವೆ ಇದ್ದಿತು.