ರಾಯರು ಸೈಕಲ್ ಆರಿಸುತ್ತಿದ್ದಾರೆ

ಬೆಂಗಳೂರಿನ ಯಾವ ಬಡಾವಣೆಯಲ್ಲಿ ಹುಡುಕಿದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಸದ್ಯಕ್ಕೆ ರಾಯರು ಎಂದು ಕರೆಯೋಣ. ವಯಸ್ಸು ನಲವತ್ತೈದು ದಾಟಿದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರುಗಳ ಮೇಲಿನ ಮ್ಯಾನೇಜರು. ಸೊಂಟದಲ್ಲಿ ಒಂದು ಹಳೆಯ ತಕರಾರು, ರಕ್ತದಲ್ಲಿ ಗಡಿ ಮುಟ್ಟಿದ ಸಕ್ಕರೆ. ರಿಪೋರ್ಟು ನೋಡಿದ ಡಾಕ್ಟರು, "ಏನಾದ್ರೂ ವ್ಯಾಯಾಮ ಶುರು ಮಾಡಿ" ಎಂದರು. ಡಾಕ್ಟರ ಮನಸ್ಸಿನಲ್ಲಿದ್ದದ್ದು ಊಟವಾದ ಮೇಲೆ ಅರ್ಧ ಗಂಟೆ ನಡಿಗೆ. ರಾಯರ ಕಿವಿಗೆ ಬಿದ್ದದ್ದು ಶಾಕ್ ಅಬ್ಸಾರ್ಬರ್ ಇರುವ ಕಾರ್ಬನ್ ಎಂಡ್ಯೂರೆನ್ಸ್ ರೋಡ್ ಬೈಕು.

ಅಂದಿನಿಂದ ರಾಯರು ಸೈಕಲ್ ಆರಿಸುತ್ತಿದ್ದಾರೆ. ತುಳಿಯುವುದು ಇನ್ನೂ ಶುರುವಾಗಿಲ್ಲ.

ಆಫೀಸಿನಲ್ಲಿ ಪ್ರಾಜೆಕ್ಟು ಕೈಗೆತ್ತಿಕೊಂಡರೆ ಮೊದಲು ಎಕ್ಸೆಲ್ ಹಾಳೆ ತೆರೆಯುವುದು ಅಭ್ಯಾಸ. ಸೈಕಲ್ಲಿಗೂ ಅದೇ ಮರ್ಯಾದೆ ಸಂದಿತು. ಫ್ರೇಮಿನ ತೂಕಕ್ಕೊಂದು ಕಾಲಮ್, ಗೇರಿಗೊಂದು, ಬ್ರೇಕಿಗೊಂದು, ಎಷ್ಟು ದಪ್ಪದ ಟೈರು ಕೂರುತ್ತದೆ ಎಂಬುದಕ್ಕೊಂದು, ಕುಲುಕಾಟ ತಡೆಯುವ ಉಪಾಯ ಯಾವುದು ಎಂಬುದಕ್ಕೆ ಬಣ್ಣ ಬಳಿದ ಅಗಲವಾದ ಇನ್ನೊಂದು. ಕೊನೆಯಲ್ಲಿ ಬೆಲೆಗೆ ಎರಡು ಕಾಲಮ್: ಅಂಗಡಿಯವನು ಹೇಳಿದ್ದು, ಹೆಂಡತಿಗೆ ಹೇಳುವಂಥದ್ದು. ಮೊದಲನೆಯದನ್ನು ರಾಯರು ಮುಚ್ಚಿಟ್ಟಿದ್ದಾರೆ. ಆಕೆ ಬ್ಯಾಂಕಿನ ಆಡಿಟ್ ವಿಭಾಗದವರು, ಮುಚ್ಚಿಟ್ಟ ಕಾಲಮ್ ತೆರೆಯುವುದೇ ಅವರ ಕಸುಬು ಎಂಬುದು ಆ ಗಳಿಗೆಯಲ್ಲಿ ಮರೆತುಹೋಗಿತ್ತು. "ರೀ, ಇಷ್ಟು ದುಡ್ಡಿಗೆ ಇಂಜಿನ್ ಇರೋದೇ ಬರುತ್ತಲ್ರೀ" ಎಂದಷ್ಟೇ ಹೇಳಿ ಆಕೆ ಹಾಳೆಯನ್ನು ಇದ್ದಹಾಗೆ ಮುಚ್ಚಿದರು.

ಎಂಡ್ಯೂರೆನ್ಸ್ ಬೈಕೆಂದರೆ ಏನು ಎಂಬ ಉಪನ್ಯಾಸವನ್ನು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಾಲ್ಕನೆಯ ಮಹಡಿಯವರೆಗೆ ಸಿಕ್ಕಿಬಿದ್ದವರೆಲ್ಲ ಕೇಳಿದ್ದಾರೆ. ವಿಷಯ ಅಷ್ಟೇನೂ ಗಹನವಲ್ಲ. ರೇಸಿನ ಸೈಕಲ್ಲು ಗಾಳಿ ಸೀಳಲೆಂದು ಸವಾರನನ್ನು ಬಗ್ಗಿಸಿ ಇಡುತ್ತದೆ. ಎಂಡ್ಯೂರೆನ್ಸ್ ಸೈಕಲ್ಲು ಹ್ಯಾಂಡಲನ್ನು ಸ್ವಲ್ಪ ಎತ್ತರಿಸಿ ಹತ್ತಿರ ತರುತ್ತದೆ, ಎರಡು ಚಕ್ರಗಳ ನಡುವೆ ಚೂರು ಅಂತರ ಹೆಚ್ಚಿಸುತ್ತದೆ, ದಪ್ಪ ಟೈರಿಗೆ ಜಾಗ ಬಿಡುತ್ತದೆ. ಕತ್ತು, ಸೊಂಟ, ಅಂಗೈ ಮೂರಕ್ಕೂ ಸಿಗುವ ನೆಮ್ಮದಿಯ ಬಹುಪಾಲು ಬರುವುದು ಈ ಅಳತೆಗಳಿಂದಲೇ. ಆದರೆ ಅಳತೆಯಲ್ಲಿ ರಾಯರಿಗೆ ರುಚಿಯಿಲ್ಲ. ಕಣ್ಣಿಗೆ ಕಾಣುವ, ಅಲುಗುವ, ಹೆಸರಿರುವ ಒಂದು ಯಂತ್ರ ಬೇಕು. ಪೇಟೆಂಟ್ ಇದ್ದರೆ ಇನ್ನೂ ಸಂತೋಷ.

ಅಂಥ ಯಂತ್ರಗಳಿಗೆ ಬರವಿಲ್ಲ. ಅಮೆರಿಕದ ಸ್ಪೆಷಲೈಸ್ಡ್ ಕಂಪನಿ 2004ರಲ್ಲಿ 'ರೂಬೆ' ಎಂಬ ಸೈಕಲ್ ತಂದು ಫೋರ್ಕಿನಲ್ಲಿ ರಬ್ಬರಿನಂಥ ತುಂಡುಗಳನ್ನು ಕೂರಿಸಿತು. 2016ರಲ್ಲಿ ಅದನ್ನು ಬಿಟ್ಟು ಹ್ಯಾಂಡಲಿನ ಬುಡಕ್ಕೇ ಸ್ಪ್ರಿಂಗ್ ಇಟ್ಟು 'ಫ್ಯೂಚರ್ ಶಾಕ್' ಎಂದು ಕರೆಯಿತು. ಅದು 20 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ. ಟ್ರೆಕ್ ಕಂಪನಿ 2012ರಲ್ಲಿ 'ಡೊಮಾನೆ' ಹೊರತಂದಾಗ ಸ್ವಿಸ್ ಸವಾರ ಫೇಬಿಯನ್ ಕ್ಯಾನ್ಸೆಲಾರಾ ಅವರ ಸಲಹೆ ಪಡೆದಿತ್ತು. ಅದರಲ್ಲಿ ಸೀಟಿನ ಕೊಳವೆಯನ್ನು ಮೇಲಿನ ಕೊಳವೆಗೆ ಬಿಗಿಯಾಗಿ ಅಂಟಿಸದೆ ಕೀಲಿನ ಮೇಲೆ ಕೂರಿಸಿದ್ದಾರೆ. ಗುಂಡಿ ಬಂದಾಗ ಕೊಳವೆ ಹಿಂದಕ್ಕೆ ಬಾಗುತ್ತದೆ, ಪೆಟ್ಟು ಬೆನ್ನಿಗೆ ಏರುವುದಿಲ್ಲ. ಇಟಲಿಯ ಬಿಯಾಂಕಿ ಕಾರ್ಬನ್ ಪದರಗಳ ಒಳಗೇ ಕಂಪನ ನುಂಗುವ ಪದಾರ್ಥ ಸೇರಿಸಿತು. ಪಿನರೆಲ್ಲೊ 2015ರಲ್ಲಿ ಸೀಟಿನ ಕೆಳಗೆ ಹಿಂಬದಿಗೆ ಪುಟ್ಟದೊಂದು ಶಾಕ್ ಕೂರಿಸಿತು. ಬ್ರಾಡ್ಲಿ ವಿಗಿನ್ಸ್ ಆ ವರ್ಷ ಪ್ಯಾರಿಸ್-ರೂಬೆಯಲ್ಲಿ ಅದನ್ನು ತುಳಿದು 18ನೆಯವರಾಗಿ ಮುಗಿಸಿದರು. ರಾಯರಿಗೆ ಇದೆಲ್ಲ ಕಂಠಪಾಠ. ಮಗಳ ಪರೀಕ್ಷೆ ಯಾವ ತಾರೀಖಿಗೆ ಎಂದು ಮಾತ್ರ ಕೇಳಬಾರದು.

ಈ ಎಲ್ಲ ಉಪಾಯಗಳ ತವರು ಪ್ಯಾರಿಸ್-ರೂಬೆ ಪಂದ್ಯ. ಉತ್ತರ ಫ್ರಾನ್ಸಿನಲ್ಲಿ 1896ರಿಂದ ನಡೆದುಕೊಂಡು ಬಂದಿರುವ ಒಂದು ದಿನದ ರೇಸು. ಈಗ ಪ್ಯಾರಿಸ್ಸಿನಿಂದಲ್ಲ, ಕಾಂಪಿಯೇನ್ ಪಟ್ಟಣದಿಂದ ಹೊರಡುತ್ತದೆ. 250 ಕಿಲೋಮೀಟರಿಗೂ ಹೆಚ್ಚು ದೂರ, ಅದರಲ್ಲಿ 50ಕ್ಕೂ ಹೆಚ್ಚು ಕಿಲೋಮೀಟರ್ ಗದ್ದೆಗಳ ನಡುವಿನ ಕಲ್ಲು ಹಾಸಿನ ಹಾದಿ. ನಮ್ಮ ಬಡಾವಣೆಯ ಅಡ್ಡರಸ್ತೆಗೂ ಆ ಕಲ್ಲಿಗೂ ಹೆಚ್ಚೇನೂ ವ್ಯತ್ಯಾಸವಿಲ್ಲ ಎಂಬುದು ರಾಯರ ವಾದ, ಮತ್ತು ಈ ಒಂದು ವಾದದಲ್ಲಿ ಅವರನ್ನು ಸೋಲಿಸುವುದು ಕಷ್ಟ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕೈಪಿಡಿ ಹಂಪ್ಸನ್ನು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರಕ್ಕೆ ನುಣುಪಾಗಿ ಕಟ್ಟಬೇಕೆನ್ನುತ್ತದೆ, 25 ಕಿಲೋಮೀಟರ್ ವೇಗದಲ್ಲಿ ದಾಟಿದರೆ ಮೈ ನೋಯದ ಹಾಗೆ. ಆ ಕೈಪಿಡಿಯ ಮುಖವನ್ನೂ ನೋಡದ ಹಂಪ್ಸು ಪ್ರತಿ ತಿರುವಿನಲ್ಲೂ ಮಲಗಿವೆ. ಎಷ್ಟೋ ಕಡೆ ಬಿಳಿ ಬಣ್ಣವೂ ಇಲ್ಲ.

ರೂಬೆಯ ಚರಿತ್ರೆಯಲ್ಲಿ ರಾಯರಿಗೆ ಪ್ರಿಯವಾದ ಅಧ್ಯಾಯ ಒಂದಿದೆ. ಫ್ರಾನ್ಸಿನ ಜಿಲ್ಬೆರ್ ಡ್ಯುಕ್ಲೊ-ಲಸಾಲ್ ಎಂಬ ಹಳೇ ಹುಲಿ 1992ರಲ್ಲಿ, ಮತ್ತೆ 1993ರಲ್ಲಿ, ಮೌಂಟನ್ ಬೈಕಿನವರ ರಾಕ್‌ಶಾಕ್ಸ್ ಫೋರ್ಕ್ ಹಾಕಿಕೊಂಡು ಗೆದ್ದರು. ಎರಡನೆಯ ಸಲ ಗೆದ್ದಾಗ ವಯಸ್ಸು 38. "ನೋಡಿ, ನಮ್ಮ ವಯಸ್ಸಿನವರು!" ಎಂದು ರಾಯರು ಏಳೆಂಟು ವರ್ಷ ಕೈಯಿಂದ ಸೇರಿಸಿ ಹೇಳುತ್ತಾರೆ.

ಆಮೇಲಿನ ಅಧ್ಯಾಯಗಳನ್ನು ಅವರು ಓದಿಲ್ಲವೆಂದಲ್ಲ, ಎತ್ತುವುದಿಲ್ಲ. ಆ ಫೋರ್ಕುಗಳು ಕೆಲವೇ ವರ್ಷಗಳಲ್ಲಿ ರೂಬೆಯ ಹಾದಿಯಿಂದ ಮಾಯವಾದವು. 2018ರಲ್ಲಿ ಪೀಟರ್ ಸಾಗನ್ ಫ್ಯೂಚರ್ ಶಾಕ್ ಇದ್ದ ಸೈಕಲ್ಲಿನ ಮೇಲೆ ಗೆದ್ದದ್ದು ನಿಜ. ಆದರೆ 2016ರಲ್ಲಿ ಮ್ಯಾಥ್ಯೂ ಹೇಮನ್ ಗೆದ್ದದ್ದು ಗಾಳಿ ಸೀಳುವ ಸ್ಕಾಟ್ ಫಾಯಿಲ್ ಮೇಲೆ. 2023, 2024, 2025, ಸತತ ಮೂರು ವರ್ಷ ಮ್ಯಾಥ್ಯೂ ವಾನ್ ಡರ್ ಪೂಲ್ ಗೆದ್ದದ್ದೂ ಕ್ಯಾನ್ಯನ್ ಏರೋಡ್ ಎಂಬ ಅಂಥದ್ದೇ ಸೈಕಲ್ಲಿನ ಮೇಲೆ. ಸ್ಪ್ರಿಂಗಿಲ್ಲ, ಕೀಲಿಲ್ಲ, ರಬ್ಬರಿಲ್ಲ. ಇದ್ದದ್ದು ಅಗಲವಾದ ಟೈರು, ಅದರೊಳಗೆ ಅಳೆದು ಹಾಕಿದ ಗಾಳಿ. ಇನ್ನೊಂದು ಕಡೆ, 2021ರ ಮೊದಲ ಮಹಿಳಾ ಪಂದ್ಯವನ್ನು ಲಿಝಿ ಡೀಗ್ನನ್ ಗೆದ್ದದ್ದು ಕೀಲು ಇರುವ ಡೊಮಾನೆಯ ಮೇಲೆ. ಗುರಿ ಮುಟ್ಟಿದಾಗ ಅವರ ಹ್ಯಾಂಡಲಿನ ಪಟ್ಟಿಗೆ ಅಂಗೈಯ ರಕ್ತ ಮೆತ್ತಿತ್ತು. ಅವರು ಗ್ಲೌಸ್ ಹಾಕಿರಲಿಲ್ಲ.

ಹಾಗೆಂದು ಈ ಯಂತ್ರಗಳೆಲ್ಲ ಬೂಟಾಟಿಕೆ ಎಂದರೆ ಅನ್ಯಾಯವಾದೀತು. ಬೆಂಗಳೂರು, ಮೈಸೂರುಗಳಿಂದ ಬ್ರೆವೆ ಎಂಬ ದೂರದ ಸವಾರಿಗೆ ಹೊರಡುವವರಿದ್ದಾರೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 300ನ್ನು 20 ಗಂಟೆಯಲ್ಲಿ, 600ನ್ನು 40 ಗಂಟೆಯಲ್ಲಿ ಮುಗಿಸಬೇಕು. ರಾತ್ರಿಯಿಡೀ ತುಳಿದು, ಬೆಳಗಿನ ಜಾವದಲ್ಲಿ ಬೆರಳು ಜೋಮು ಹಿಡಿದವರನ್ನು ಕೇಳಿದರೆ ಹ್ಯಾಂಡಲಿನ ಕೆಳಗಿನ 20 ಮಿಲಿಮೀಟರಿಗೆ ಏನು ಬೆಲೆ ಎಂದು ಹೇಳುತ್ತಾರೆ. ರಾಯರ ಕಣ್ಣು ಇನ್ನೂ ಮೇಲಿದೆ: ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್, 1200 ಕಿಲೋಮೀಟರ್, 90 ಗಂಟೆ. ಸೈಕಲ್ ಆರಿಸುವುದು ಅದಕ್ಕೆಂದೇ. ಸದ್ಯ ಅವರು ಬೇರೆಯವರ ಸೈಕಲ್ ಕಡ ತಂದು ತುಳಿದ ಅತಿ ದೂರವೆಂದರೆ ಬಿಡದಿಯ ತಟ್ಟೆ ಇಡ್ಲಿ. ಬರುವಾಗ ಹೆಂಡತಿ ಕಾರು ತೆಗೆದುಕೊಂಡು ಹೋದರು.

ಅಂಗಡಿಯ ಹುಡುಗ ಪ್ರಾಮಾಣಿಕ. "ಸರ್, ಮೊದ್ಲು ಫಿಟ್ಟಿಂಗ್ ಮಾಡಿಸ್ಕೊಳ್ಳಿ. ಸೈಜು ಸರಿ ಹೋಗ್ಲಿಲ್ಲ ಅಂದ್ರೆ ಯಾವ ಸ್ಪ್ರಿಂಗೂ ಕೆಲ್ಸ ಮಾಡಲ್ಲ" ಎಂದ. ರಾಯರು ಹುಬ್ಬೇರಿಸಿದರು. ಯಂತ್ರ ಮಾರಬೇಕಾದವನು ಅಳತೆಯ ಮಾತಾಡುತ್ತಾನಲ್ಲ! ಅಂಗಡಿಯ ಮುಂದಿನ ಹಂಪ್ಸಿನ ಮೇಲೆ ಒಂದೊಂದು ಸೈಕಲ್ಲನ್ನೂ ಹತ್ತಿಸಿ ಇಳಿಸಿ, ಕಣ್ಣು ಮುಚ್ಚಿಕೊಂಡು ಸೊಂಟದ ಅಭಿಪ್ರಾಯ ಕೇಳಿ, ಮೊಬೈಲಿನಲ್ಲಿ ಅಂಕ ಬರೆದುಕೊಂಡರು. ಪಕ್ಕದ ಹೂವಿನಂಗಡಿಯಾಕೆ, "ಯಾಕಣ್ಣ, ಬ್ರೇಕ್ ಹಿಡೀತಿಲ್ವಾ?" ಎಂದು ಮರುಗಿದರು.

ಕೊನೆಗೂ ಮುಹೂರ್ತ ಕೂಡಿ ಬಂದದ್ದು 2025ರ ಸೆಪ್ಟೆಂಬರಿನಲ್ಲಿ ಸೈಕಲ್ಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಾಗ. ಶೇ 7ರ ತೆರಿಗೆ ಉಳಿಸುವ ಸಲುವಾಗಿ ರಾಯರು ಉಳಿದದ್ದನ್ನೆಲ್ಲ ಖರ್ಚು ಮಾಡಿದರು. ಆಡಿಟ್ ವಿಭಾಗ ಏನೂ ಹೇಳಲಿಲ್ಲ. ಅದೇ ತಿಂಗಳು ಒಂದು ಜೊತೆ ಬಳೆ ಮನೆಗೆ ಬಂತು.

ಸೈಕಲ್ ನೋಡಲು ತಿಪಟೂರಿನಿಂದ ತಂದೆಯವರು ಬಂದರು. ಎಂಬತ್ತು ದಾಟಿದ ನಿವೃತ್ತ ಮೇಷ್ಟರು. ಮೂವತ್ತು ವರ್ಷ ಹರ್ಕ್ಯುಲಿಸ್ ಸೈಕಲ್ಲಿನಲ್ಲಿ ಸ್ಕೂಲಿಗೆ ಹೋಗಿ ಬಂದವರು. ಕನ್ನಡಕ ಏರಿಸಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಸ್ಪ್ರಿಂಗ್ ಎಲ್ಲಿದೆಯೋ?"

"ಹ್ಯಾಂಡಲ್ ಕೆಳಗೆ, ಅಣ್ಣ."

"ಕೂತ್ಕೊಳ್ಳೋದು ಹ್ಯಾಂಡಲ್ ಮೇಲೇನೋ?"

ರಾಯರು ಉತ್ತರಿಸಲಿಲ್ಲ. ಮೇಷ್ಟರ ಪ್ರಶ್ನೆಗೆ ಆಧಾರವಿದೆ. ನಮ್ಮೂರುಗಳಲ್ಲಿ ಓಡಾಡಿದ ಆ ಕರಿ ಸೈಕಲ್ಲುಗಳ ಸೀಟಿನ ಕೆಳಗೇ ದಪ್ಪ ಸ್ಪ್ರಿಂಗುಗಳಿದ್ದವು, ಹ್ಯಾಂಡಲು ಎದೆಯ ಮಟ್ಟಕ್ಕಿತ್ತು, ಚಕ್ರಗಳ ನಡುವೆ ಧಾರಾಳ ಅಂತರವಿತ್ತು. ಟೈರಿನ ಅಳತೆ 28 ಬೈ ಒಂದೂವರೆ ಇಂಚು, ಅಂದರೆ ದಪ್ಪ ಸುಮಾರು 38 ಮಿಲಿಮೀಟರ್. ರೋಡ್ ಬೈಕುಗಳು ಬಹುಕಾಲ 23 ಮಿಲಿಮೀಟರಿನ ಟೈರಿಗೆ ಅಂಟಿಕೊಂಡಿದ್ದು, ಆಮೇಲೆ 25, 28, 32 ಎಂದು ಮೆಟ್ಟಿಲು ಹತ್ತುತ್ತಾ ಬಂದವು. 2019ರ ಡೊಮಾನೆಯಲ್ಲಿ ಗರಿಷ್ಠ 38 ಕೂರುತ್ತದೆ, 2023ರ ಸ್ಪೆಷಲೈಸ್ಡ್ ರೂಬೆಯಲ್ಲಿ 40. ಮೇಷ್ಟರ ಹರ್ಕ್ಯುಲಿಸ್ ಇದ್ದ ಜಾಗಕ್ಕೆ ಕಾರ್ಬನ್ ಲೋಕ ಹೀಗೆ ತಡವಾಗಿ ಬಂದು ತಲುಪಿದೆ. ಆದರೆ ಆ ಹರ್ಕ್ಯುಲಿಸ್ಸಿನ ತೂಕ 20 ಕಿಲೋ. ನಂದಿಬೆಟ್ಟಕ್ಕೆ ಅದನ್ನು ಹತ್ತಿಸಿ ನೋಡಿದವರು ಹಳೆಯದೇ ಚಿನ್ನ ಎಂದು ಹಾಡುವುದಿಲ್ಲ.

ನಂದಿಬೆಟ್ಟ ಎಂದರೆ ಬೆಂಗಳೂರಿನ ಸೈಕಲ್ ಮಂದಿಯ ಭಾನುವಾರದ ಹರಕೆ. ರಾಯರೂ ಹೊಸ ಸೈಕಲ್ಲಿನಲ್ಲಿ ನಸುಕಿಗೇ ಹೊರಟರು. ಮೊದಲ ಹತ್ತು ಕಿಲೋಮೀಟರಿಗೇ ಅಂಗೈ ಉರಿಯಿತು, ದೇವನಹಳ್ಳಿ ಬರುವಷ್ಟರಲ್ಲಿ ಸೊಂಟ ಮಾತಾಡತೊಡಗಿತು. ಸ್ಪ್ರಿಂಗ್ ಕೆಟ್ಟಿದೆ ಎಂದುಕೊಂಡು ದಾರಿ ಬದಿ ನಿಲ್ಲಿಸಿದಾಗ, ಗುಂಪಿನ ಹುಡುಗಿಯೊಬ್ಬಳು ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಅಂಕಲ್, ಎಷ್ಟು ಹೊಡೆದಿದ್ದೀರಾ ಗಾಳಿ?"

"ಪೂರ್ತಿ!" ಎಂದರು ರಾಯರು ಹೆಮ್ಮೆಯಿಂದ. ಟೈರಿನ ಪಕ್ಕದಲ್ಲಿ ಅಚ್ಚು ಹಾಕಿದ್ದ ಗರಿಷ್ಠ ಮಿತಿಯವರೆಗೆ.

ಕಥೆಯೆಲ್ಲ ಇಲ್ಲೇ ಇದೆ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲು ಕುಲುಕದಿರಲೆಂದು ಗಾಳಿ ತುಂಬಿದ ಟೈರು ಕಟ್ಟಿದ. ಸೈಕಲ್ಲಿನ ಶಾಕ್ ಅಬ್ಸಾರ್ಬರುಗಳಲ್ಲಿ ಇವತ್ತಿಗೂ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಆ ಗಾಳಿಯೇ. ಟೈರನ್ನು ಕಲ್ಲಾಗುವಂತೆ ಉಬ್ಬಿಸಿದರೆ ಅದು ಸಣ್ಣ ಉಬ್ಬು ತಗ್ಗುಗಳನ್ನು ನುಂಗುವುದಿಲ್ಲ. ಸೈಕಲ್ಲು ಪುಟಿಯುತ್ತದೆ, ಪುಟಿದಷ್ಟೂ ತುಳಿದ ಶಕ್ತಿ ವ್ಯರ್ಥ. ಗಟ್ಟಿ ಟೈರೇ ವೇಗ ಎಂಬ ನಂಬಿಕೆ ನುಣುಪಾದ ವೆಲೊಡ್ರೋಮಿನ ಮರದ ನೆಲಕ್ಕೆ ಸರಿ, ದೇವನಹಳ್ಳಿ ರಸ್ತೆಗಲ್ಲ.

ಹುಡುಗಿ ವಾಲ್ವ್ ಒತ್ತಿ ಒಂದಷ್ಟು ಗಾಳಿ ಬಿಟ್ಟಳು. ಅಲ್ಲಿಂದ ಬೆಟ್ಟದ ಬುಡದವರೆಗೆ ರಾಯರ ಸೊಂಟ ತುಟಿ ಪಿಟಕ್ಕೆನ್ನಲಿಲ್ಲ. ಕಾಫಿಗೆ ನಿಂತಾಗ ಅವರು ಎಲ್ಲರಿಗೂ ವಿವರಿಸಿದರು: ಫ್ಯೂಚರ್ ಶಾಕ್ ಪಳಗಲು ಮೊದಲ ಮೂವತ್ತು ಕಿಲೋಮೀಟರ್ ಬೇಕಂತೆ, ಈಗ ಪಳಗಿದೆ. ಮನೆಗೆ ಬಂದವರೇ ಟೈರು ಮೆತ್ತಗಾಗಿದೆಯೆಂದು ಪಂಪು ತೆಗೆದು ಮತ್ತೆ ಪೂರ್ತಿ ಹೊಡೆದರು. ಮುಂದಿನ ವಾರ ಅಂಗೈ ಮತ್ತೆ ಉರಿದಾಗ ಎಕ್ಸೆಲ್ ಹಾಳೆಯಲ್ಲಿ ಹೊಸ ಪುಟ ತೆರೆಯಿತು: ಸಸ್ಪೆನ್ಷನ್ ಇರುವ ಸೀಟ್‌ಪೋಸ್ಟುಗಳು.

ಇಂಥ ರಾಯರು ನಿಮ್ಮ ಮನೆಯಲ್ಲೂ ಇದ್ದರೆ, ಅಥವಾ ನೀವೇ ಆಗಿದ್ದರೆ, ಹೊಸ ಭಾಗ ತರಿಸುವ ಮುನ್ನ ಮೊದಲು ಸೈಕಲ್ಲಿನ ಸೈಜು ಸರಿಯಿದೆಯೇ ನೋಡಿಸಿ. ಆಮೇಲೆ ಫ್ರೇಮು ಹಿಡಿಸುವಷ್ಟು ದಪ್ಪದ ಟೈರು ಹಾಕಿಸಿ. 75 ಕಿಲೋ ಆಸುಪಾಸಿನ ಸವಾರನಿಗೆ 32 ಮಿಲಿಮೀಟರ್ ಟೈರಿನಲ್ಲಿ 60ರ ಹತ್ತಿರದ ಪಿಎಸ್‌ಐ ಸಾಕು, ಹಿಂದಿನ ಚಕ್ರಕ್ಕೆ ಚೂರು ಹೆಚ್ಚು. ಮೀಟರಿರುವ ಪಂಪು ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ.