ಪಾಲಾದ ಕಂಪ್ಯೂಟರೂ ಜಂಟಿ ಆರ್‌ಟಿಸಿಯೂ

ಕೆ. ಹೊಸಕೋಟೆ ಹೋಬಳಿಯಲ್ಲಿ ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಸಂಜೆ ಮಾಡಿದವನು ನಾನೊಬ್ಬನೇ ಇರಬೇಕು. ಕೆಂಚಮ್ಮನಾಣೆ, ಬೇಕಂತ ಮಾಡಿದ್ದಲ್ಲ.

ಲ್ಯಾಪ್‌ಟಾಪು ಹಳೆಯದು. ಅದರೊಳಗಿನ ವಿಂಡೋಸ್ 10ರ ಋಣ 2025ರ ಅಕ್ಟೋಬರ್ 14ಕ್ಕೆ ತೀರುತ್ತದೆ ಎಂಬ ಸುದ್ದಿ ಬಂತು. 11 ಹಾಕೋಣವೆಂದರೆ ಈ ಯಂತ್ರಕ್ಕೆ ಅದರ ಯೋಗ್ಯತೆ ಇಲ್ಲವಂತೆ. ಬೆಂಗಳೂರಿನ ಮಗ, "ಉಬುಂಟು ಹಾಕ್ಕೊಳ್ಳಪ್ಪ, ಪುಕ್ಕಟೆ, ಅರ್ಧ ಗಂಟೆ ಕೆಲಸ" ಎಂದ. ಬೆಂಗಳೂರು ಸೇರಿದ ಮಕ್ಕಳಿಗೆ ಊರಿನ ಯಾವ ಕೆಲಸವೂ ಅರ್ಧ ಗಂಟೆಯದೇ. ಆದರೆ ವರ್ಷಗಟ್ಟಲೆ 'ನುಡಿ' ತಂತ್ರಾಂಶದಲ್ಲಿ ಕುಟ್ಟಿಟ್ಟ ನನ್ನ ಬರಹವೆಲ್ಲ ವಿಂಡೋಸಿನಲ್ಲಿತ್ತು. ಯೂನಿಕೋಡ್ ಅಲ್ಲದ ಆ ಕಡತಗಳನ್ನು ಬೇರೆ ಕಡೆ ತೆರೆದರೆ ಮಾಟದ ತಗಡು ಓದಿದ ಹಾಗೆ. ಸರಿ, ಒಂದೇ ಮನೆಯಲ್ಲಿ ಎರಡು ಒಲೆ ಉರಿಯಲಿ ಎಂದುಕೊಂಡೆ.

ಪೆನ್‌ಡ್ರೈವ್ ಚುಚ್ಚಿದೆ. ಕೀಲಿಮಣೆಯ ಪಟ್ಟಿಯಲ್ಲಿ 'ಕಗಪ' ಕಂಡಾಗ ಪರಸ್ಥಳದಲ್ಲಿ ಊರವರು ಸಿಕ್ಕಷ್ಟು ಹಿಗ್ಗು. ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ, ಕೆ.ಪಿ. ರಾವ್ ಹಾಕಿಕೊಟ್ಟ ಅದೇ ವಿನ್ಯಾಸ. ಮುಂದೆ ಡಿಸ್ಕಿನ ಚಿತ್ರ ಬಂತು. ಎಡಕ್ಕೊಬ್ಬ, ಬಲಕ್ಕೊಬ್ಬ, ನಡುವೆ ಗೆರೆ. ಮೌಸಿನಲ್ಲಿ ಹಿಡಿದೆಳೆದರೆ ಗೆರೆ ಸರಿಯುತ್ತದೆ. ಸುಮಾರು ಹೊತ್ತು ಅದನ್ನೇ ಅತ್ತ ಇತ್ತ ಎಳೆಯುತ್ತ ಕೂತೆ. ನಮ್ಮ ತೋಟ ಪಾಲಾದಾಗ ಸರ್ವೆಯವರು ಸರಪಳಿ ಹಿಡಿದು ಮೂರು ದಿನ ಅಳೆದಿದ್ದರು. ಹದ್ದಿನ ಮೇಲಿದ್ದ ಒಂದು ಹಲಸಿನ ಮರಕ್ಕಾಗಿ ಅಣ್ಣನೂ ನಾನೂ ಆಡಬಾರದ್ದನ್ನೆಲ್ಲ ಆಡಿದೆವು. ಆಮೇಲೆ ಮಾತೇ ನಿಂತುಹೋಯಿತು. ಮರ ಮರುವರ್ಷದ ಮಳೆಗೇ ಬಿತ್ತು. ಇಲ್ಲಿ ನೋಡಿದರೆ ಬೆರಳಲ್ಲಿ ತಳ್ಳಿದಷ್ಟೂ ಜಿಬಿ ಅತ್ತ ಹೋಗುತ್ತದೆ, ಯಾರೂ ಕೂಗಾಡುವುದಿಲ್ಲ. ವಿಂಡೋಸಿಗೆ ತುಸು ಜಾಸ್ತಿಯೇ ಬಿಟ್ಟೆ. ಹಿರಿಯನಲ್ಲವೇ.

ಕೆಲಸ ಮುಗಿದು ಉಬುಂಟು ಎದ್ದಾಗ ಪರದೆಯ ಮೇಲೆ 5:40.

ಆಷಾಢದ ಮಳೆ. ಹೊರಗೆ ಮಧ್ಯಾಹ್ನವೋ ಮುಸ್ಸಂಜೆಯೋ ತಿಳಿಯದ ಕತ್ತಲೆ. ಕರೆಂಟಿಲ್ಲ, ಅದರ ಹಿಂದೆಯೇ ಟವರೂ ಇಲ್ಲ. ಮಗನಿಗೆ ಫೋನು ಮಾಡಿ ಮಾಡಿ ಮೊಬೈಲು ಸತ್ತಿತ್ತು. ನಮ್ಮ ಗೋಡೆ ಗಡಿಯಾರ ಮಳೆಗಾಲದಲ್ಲಿ ನಡೆಯುವುದಿಲ್ಲ. ಅಯ್ಯೋ, ಮೈಮರೆತು ಊಟ ಕೂಡ ಬಿಟ್ಟೆನಲ್ಲ ಎಂದು ನನ್ನ ಏಕಾಗ್ರತೆಗೆ ನಾನೇ ಬೆರಗಾದೆ. ಅಷ್ಟರಲ್ಲಿ ಎದೆ ಧಸಕ್ಕೆಂದಿತು. ತೋಟದಲ್ಲಿ ಕಳೆ ತೆಗೆಯುತ್ತ ಐದು ಆಳುಗಳಿದ್ದಾರೆ! ಈ ಆಲೂರು, ಸಕಲೇಶಪುರದ ಕಡೆ ಕತ್ತಲಾದ ಮೇಲೆ ದಾರಿ ಆನೆಗಳದ್ದು. ಅದು ತಮಾಷೆಯ ಮಾತಲ್ಲ. ಹೊತ್ತು ಮೀರಿ ಮನೆಗೆ ಹೊರಟವರೆಲ್ಲ ಮನೆ ಮುಟ್ಟಿಲ್ಲ.

ಕೊಪ್ಪೆ ಹೊದ್ದು ಓಡಿದೆ. "ನಾಲ್ಕೂವರೆಗೇ ಬಿಡಬೇಕಿತ್ತು, ತಪ್ಪಾಯ್ತು, ಬೇಗ ಹೊರಡಿ" ಎಂದು ಪೂರ್ತಿ ಸಂಬಳದ ಮೇಲೆ ತಲೆಗೆ ಐವತ್ತು ರೂಪಾಯಿ ಹೆಚ್ಚು ಕೊಟ್ಟೆ. ಮೇಸ್ತ್ರಿ ಒಮ್ಮೆ ಆಕಾಶ ನೋಡಿದ, ಒಮ್ಮೆ ನೋಟು ನೋಡಿದ. ಬಿಚ್ಚದ ಬುತ್ತಿ ಎತ್ತಿಕೊಂಡು ಐವರೂ ಶಿಸ್ತಾಗಿ ನಡೆದರು.

ಮನೆಯಲ್ಲಿ ಅವ್ವನಿಗೆ ಕಣ್ಣು ಮಂಜು. ನಾನು ಸಂಜೆಯೆಂದದ್ದೇ ತಡ, ದೀಪ ಹಚ್ಚಿದಳು, ಕೋಳಿ ಮುಚ್ಚಿದಳು, ಚೊಂಬು ಹಿಡಿದು ಕೊಟ್ಟಿಗೆಗೆ ಹೋದಳು. ನಮ್ಮಿಡೀ ಸಂಸಾರದಲ್ಲಿ ತಕರಾರು ತೆಗೆದದ್ದು ಹಸು ಮಾತ್ರ. ಚೊಂಬು ಅಂಗಳಕ್ಕೆ ಬಂದು ಬಿತ್ತು. "ದನಕ್ಕೆ ದೃಷ್ಟಿಯಾಗಿದೆ ಮಗ, ಮೆಣಸಿನಕಾಯಿ ತಾ" ಎಂದಳು ಅವ್ವ. ಇಳಿ ತೆಗೆದೆವು. ಹೊಟ್ಟೆ ಚುರುಗುಟ್ಟುತ್ತಿತ್ತು. ರಾತ್ರಿಯದೂ ಸೇರಿ ಒಂದೇ ಸಲ ಉಂಡೆವು. ಹಾಸಿಗೆ ಹಾಸುವ ಹೊತ್ತಿಗೆ, ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಏಳು ಗಂಟೆ, ಮೋಡ ಹರಿದು ನಡುನೆತ್ತಿಯ ಮೇಲೆ ಸೂರ್ಯ ಬಂದ.

ಅವ್ವ ಕೈಮುಗಿದಳು. ನಾನು ಕೂತುಬಿಟ್ಟೆ.

ಟವರು ಬಂದ ಮೇಲೆ ಮಗ ಬಿಡಿಸಿ ಹೇಳಿದ. ಕಂಪ್ಯೂಟರಿನ ಹೊಟ್ಟೆಯಲ್ಲೊಂದು ಗಡಿಯಾರವಿದೆ, ಯಂತ್ರ ಆರಿದ್ದರೂ ಪುಟ್ಟ ಬ್ಯಾಟರಿಯಲ್ಲಿ ನಡೆಯುತ್ತದೆ. ಅದರ ಹೆಸರು, ನಂಬಿ, ಆರ್‌ಟಿಸಿ! ಪಹಣಿಯ ಆರ್‌ಟಿಸಿಗಾಗಿ ತಾಲ್ಲೂಕು ಕಚೇರಿ ಅಲೆದವನಿಗೆ ಮುಂದಿನದು ಹೇಳಬೇಕೆ. ಪಾಲಾದರೂ ಇಬ್ಬರ ಖಾತೆ ಜಂಟಿ. ವಿಂಡೋಸು ಅದರಲ್ಲಿ ನಮ್ಮೂರಿನ ಹೊತ್ತು ಬರೆದಿಡುತ್ತದೆ. ಉಬುಂಟು ಅದನ್ನು ಗ್ರೀನಿಚ್ಚಿನ ಹೊತ್ತೆಂದು ಓದಿ ಮೇಲೆ ಐದೂವರೆ ಗಂಟೆ ಕೂಡುತ್ತದೆ. ಇಂಟರ್‌ನೆಟ್ ಇದ್ದಿದ್ದರೆ ತಾನೇ ತಿದ್ದಿಕೊಳ್ಳುತ್ತಿತ್ತಂತೆ. "ಒಂದು ಸಾಲು ಟೈಪ್ ಮಾಡಿದ್ರೆ ಸರಿಹೋಗತ್ತೆ, ಅರ್ಧ ನಿಮಿಷ" ಎಂದ. ಮಾಡಿದೆ, ಸರಿಹೋಯಿತು. ಇದನ್ನು ಮೊದಲೇ ಹೇಳಲು ಇವನಿಗೇನಾಗಿತ್ತು ಎಂದು ಈಗಲೂ ಮೈ ಉರಿಯುತ್ತದೆ.

ಮರುದಿನ ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಂಡೆ. "ಜೇಬಲ್ಲಿ ಮೊಬೈಲಿತ್ತಲ್ಲೋ, ಟೈಮು ಗೊತ್ತಿರಲಿಲ್ವಾ?"

"ಗೊತ್ತಿತ್ತು. ಆದ್ರೆ ಗೌಡ್ರು ಸಂಜೆ ಅಂದ್ಮೇಲೆ ಸಂಜೇನೇ ಅಲ್ವಾ?"

ಈಗ ದಿನಾ ಹನ್ನೆರಡರ ಹೊತ್ತಿಗೆ ಜಗಲಿಯ ಪಕ್ಕ ಹಾಯುವಾಗ ಕೆಮ್ಮಿ, ಕಿಟಕಿಯಲ್ಲಿ ಇಣುಕಿ ವಿಚಾರಿಸುತ್ತಾನೆ: "ಗೌಡ್ರೇ, ಕಂಪ್ಯೂಟರಲ್ಲಿ ಎಷ್ಟಾಯ್ತು?"