ಅನ್ನವೇನೋ ಚೆನ್ನಾಗಿದೆ

ಕೊರಿಯನ್ ಧಾರಾವಾಹಿಗಳ ದೆಸೆಯಿಂದ, ಮಗಳು ‘ಅಪ್ಪಾ’ ಎಂದು ಕರೆದರೆ ಅದು ಕನ್ನಡವೋ ಕೊರಿಯನ್ನೋ ತಿಳಿಯದ ಸ್ಥಿತಿ ನಮ್ಮ ಮನೆಗೆ ಬಂತು. ಅಲ್ಲಿಯೂ ತಂದೆಗೆ ಮಕ್ಕಳು ಅನ್ನುವುದು ಅದನ್ನೇ. ಹಾಗಾದರೆ ನಾನೂ ಕಲಿತುಬಿಡುತ್ತೇನೆ ಅಂತ ಕೂತೆ.

ಲಿಪಿ ಸಲೀಸು. ಸೇಜೊಂಗ್ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್ ಅಕ್ಷರಗಳನ್ನು ಜಾಣನಾದವನು ಬೆಳಗು ಕಳೆಯುವುದರೊಳಗೆ ಕಲಿಯುತ್ತಾನೆ, ದಡ್ಡನಿಗೆ ಹತ್ತು ದಿನ ಸಾಕು ಎಂದು ಅವನ ಆಸ್ಥಾನದ ವಿದ್ವಾಂಸರೇ ಬರೆದಿಟ್ಟಿದ್ದಾರೆ. ನಾನು ಯಾವ ಗುಂಪು ಎನ್ನುವುದು ಇಲ್ಲಿ ಅಪ್ರಸ್ತುತ.

ತೊಡಕು ಇರುವುದು ಪ್ರತ್ಯಯಗಳಲ್ಲಿ. ನಾಮಪದದ ಬಾಲಕ್ಕೆ ‘ಉನ್’ ಅಥವಾ ‘ನುನ್’, ‘ಇ’ ಅಥವಾ ‘ಗ’, ‘ಉಲ್’ ಅಥವಾ ‘ರುಲ್’ ಅಂಟುತ್ತವೆ. ಪದ ವ್ಯಂಜನದಲ್ಲಿ ಮುಗಿದರೆ ಜೋಡಿಯಲ್ಲಿ ಮೊದಲನೆಯದು, ಸ್ವರದಲ್ಲಿ ಮುಗಿದರೆ ಎರಡನೆಯದು. ಇಷ್ಟಕ್ಕೇ ಇಂಗ್ಲಿಷಿನವರು ಹೌಹಾರುತ್ತಾರೆ. ಮನೆಗೆ, ಊರಿಗೆ, ಮರಕ್ಕೆ ಎಂದು ಹಾಲು ಹಲ್ಲಿನಲ್ಲೇ ಪ್ರತ್ಯಯ ಬದಲಿಸಿದವರಿಗೆ ಇದು ಯಾವ ಲೆಕ್ಕ! ‘ಉ, ಅನ್ನು, ಇಂದ, ಗೆ, ದೆಸೆಯಿಂದ’ ಎಂದು ಶಾಲೆಯಲ್ಲಿ ರಾಗವಾಗಿ ಒಪ್ಪಿಸಿದವರು ನಾವು. ಆ ‘ದೆಸೆಯಿಂದ’ವನ್ನು ಪರೀಕ್ಷೆಯ ಹಾಲ್‌ನ ಆಚೆ ಬಳಸಿದವನು, ಈ ಪ್ರಬಂಧದ ಮೊದಲ ವಾಕ್ಯದಲ್ಲಿ, ಬಹುಶಃ ನಾನೊಬ್ಬನೇ.

ಆದರೆ ನನಗೆ ಸಿಕ್ಕಿದ ಪಾಠಗಳೆಲ್ಲ ಇಂಗ್ಲಿಷಿನವು. ‘ನುನ್’ ಕಂಡಲ್ಲೆಲ್ಲ ‘ಆಸ್ ಫಾರ್’ ಎಂದುಕೊಳ್ಳಿ ಅನ್ನುತ್ತವೆ. ಆ ಪ್ರಕಾರ ‘ಜೊನುನ್ ಹಕ್ಸೆಂಗಿಎಯೊ’, ಅಂದರೆ ‘ನಾನು ವಿದ್ಯಾರ್ಥಿ’ ಎಂಬ ಬಡಪಾಯಿ ವಾಕ್ಯ ‘ನನ್ನ ಮಟ್ಟಿಗೆ ಹೇಳುವುದಾದರೆ, ವಿದ್ಯಾರ್ಥಿ’ ಎಂದಾಗಿ, ಠೇವಣಿ ಕಳೆದುಕೊಂಡ ಅಭ್ಯರ್ಥಿಯ ಪತ್ರಿಕಾಗೋಷ್ಠಿಯಂತೆ ಕೇಳಿಸುತ್ತದೆ. ಕೊರಿಯನ್ ವ್ಯಾಕರಣದಲ್ಲಿ ಒಂದು ಪ್ರಸಿದ್ಧ ಆನೆಯೂ ಇದೆ: ‘ಖೊಕ್ಕಿರಿನುನ್ ಖೊಗ ಗಿಲ್ದ.’ ಆನೆಗೆ ‘ನುನ್’, ಮೂಗಿಗೆ ‘ಗ’. ಒಂದೇ ವಾಕ್ಯಕ್ಕೆ ಇಬ್ಬರು ಯಜಮಾನರು ಹೇಗೆ ಎಂದು ಪಂಡಿತರು ಚರ್ಚಿಸುತ್ತಲೇ ಇದ್ದಾರೆ. ‘ಆನೆಗೆ ಸೊಂಡಿಲು ಉದ್ದ’ ಎಂದುಕೊಂಡು ನಾನು ಮುಂದಿನ ಪುಟಕ್ಕೆ ಹೋದೆ.

‘ನುನ್’ ಒಳಗುಟ್ಟು ತಿಳಿಯಬೇಕಾದರೆ ನಮ್ಮ ಸೋದರತ್ತೆಯ ಹತ್ತಿರ ಹೋಗಬೇಕು. ಮದುವೆಮನೆಯಲ್ಲಿ ಕೈ ತೊಳೆಯುತ್ತಾ ಆಕೆ ‘ಅನ್ನವೇನೋ ಚೆನ್ನಾಗಿತ್ತಪ್ಪ’ ಅಂದರೆ ಮುಗಿಯಿತು. ಸಾರು, ಪಲ್ಯ, ಪಾಯಸ ಮೂರಕ್ಕೂ ಒಂದೇ ಏಟಿಗೆ ತೀರ್ಪು. ಕೊರಿಯನ್ನರು ‘ಬಾಬಿ ಮಶಿಸ್ಸೊಯೊ’ ಎಂದರೆ ಅನ್ನ ರುಚಿಯಾಗಿದೆ ಎಂದಷ್ಟೇ. ‘ಬಾಬುನ್ ಮಶಿಸ್ಸೊಯೊ’ ಎಂದು ಒತ್ತಿದರೋ, ಅಲ್ಲಿ ನಮ್ಮತ್ತೆ ಮಾತಾಡುತ್ತಿದ್ದಾರೆ. ‘ಒನುರುನ್ ಯೆಪ್ಪೊಯೊ’ ಎಂದರೆ ‘ಇವತ್ತೇನೋ ಚೆನ್ನಾಗಿ ಕಾಣುತ್ತೀರಿ’. ಉಳಿದ ದಿನಗಳ ಸುದ್ದಿ ಬೇಡ. ಅಲ್ಲಿ ‘ದೊ’ ಹಾಕಿ ‘ಒನುಲ್ದೊ’, ಇವತ್ತೂ, ಎಂದವನ ಸಂಸಾರ ನೆಟ್ಟಗಿರುತ್ತದೆ. ‘ಯಾರು ಮಾಡಿದ್ದು’ ಎಂದು ಕೇಳಿದರೆ ಉತ್ತರದಲ್ಲಿ ‘ಗ’ ಬರಬೇಕು: ‘ಜೆಗ’, ನಾನೇ. ಅಲ್ಲಿ ‘ನುನ್’ ಹಾಕಿದರೆ, ನಾನಂತೂ ಮಾಡಿದೆ, ಮಿಕ್ಕವರ ಕಥೆ ಅವರನ್ನೇ ಕೇಳಿ ಎಂಬ ಧ್ವನಿ.

ಒಂದು ಕಡೆ ಮಾತ್ರ ಕನ್ನಡ ಕೈಕೊಡುತ್ತದೆ. ನಮಗೆ ಎಲ್ಲಕ್ಕೂ ‘ಅಲ್ಲಿ’. ಕೊರಿಯನ್ನರಿಗೆ ಮನೆಯಲ್ಲಿ ಸುಮ್ಮನೆ ಇರುವುದಕ್ಕೆ ‘ಎ’, ಮನೆಯಲ್ಲಿ ಏನಾದರೂ ಕೆಲಸ ಮಾಡುವುದಕ್ಕೆ ‘ಎಸೊ’. ಭಾನುವಾರ ನಾನು ‘ಎ’, ನನ್ನ ಹೆಂಡತಿ ‘ಎಸೊ’. ಈ ನಿಯಮ ಆಕೆಗೆ ಒಂದೇ ಸಲಕ್ಕೆ ಅರ್ಥವಾಯಿತು.

ಪ್ರತ್ಯಯ ಎಲ್ಲಿಗೆ ಅಂಟಿದೆ ಎಂದು ನೋಡಿಕೊಳ್ಳದಿದ್ದರೆ ಹಿರಿಯರಿಗೂ ಅಪಾಯ. ‘ಅಬೊಜಿಗ ಬಾಂಗೆ’ ಎಂದರೆ ತಂದೆ ಕೋಣೆಯೊಳಗೆ. ಆ ‘ಗ’ವನ್ನು ಮುಂದಕ್ಕೆ ತಳ್ಳಿ ‘ಅಬೊಜಿ ಗಬಾಂಗೆ’ ಎಂದು ಓದಿದರೆ ತಂದೆ ಬ್ಯಾಗಿನೊಳಗೆ. ಅಲ್ಲಿಯ ಮಕ್ಕಳಿಗೆಲ್ಲ ಗೊತ್ತಿರುವ ತಮಾಷೆ ಇದು. ಕ್ರಿಯಾಪದದಲ್ಲಿ ಗೌರವಕ್ಕೇನೂ ಕೊರತೆಯಿಲ್ಲ, ತಂದೆಯವರು ಬ್ಯಾಗಿನೊಳಗೆ ದಯಮಾಡಿಸುತ್ತಾರೆ. 1896ರಲ್ಲಿ ಶುರುವಾದ ‘ದೊಂಗ್ನಿಪ್ ಸಿನ್ಮುನ್’ ಪತ್ರಿಕೆ ಪದಗಳ ನಡುವೆ ಜಾಗ ಬಿಟ್ಟು ಅಚ್ಚು ಹಾಕಿದ್ದು ಓದುಗರಿಗೆ ದೊಡ್ಡ ಉಪಕಾರ.

ಇಷ್ಟೆಲ್ಲ ಕಲಿತ ಮೇಲೆ ಧಾರಾವಾಹಿ ನೋಡಿದರೆ ಅವರ ಬಾಯಲ್ಲಿ ಅರ್ಧಕ್ಕರ್ಧ ಪ್ರತ್ಯಯಗಳೇ ಇಲ್ಲ! ‘ಬಾಬ್ ಮೊಗೊಸ್ಸೊ?’ ಎನ್ನುತ್ತಾರೆ, ‘ರುಲ್’ ಇಲ್ಲ, ‘ಉಲ್’ ಇಲ್ಲ. ನಾವು ‘ಅನ್ನವನ್ನು ತಿಂದೆಯಾ’ ಎನ್ನುತ್ತೇವೆಯೇ? ‘ಊಟ ಆಯ್ತಾ’ ಅಂದರೆ ಕ್ಷೇಮಸಮಾಚಾರವೂ ಆಯಿತು. ಅವರದೂ ಅದೇ ರೂಢಿ.

ಕೊರಿಯನ್ ಕಲಿಯುವ ಕನ್ನಡಿಗರು ದಯವಿಟ್ಟು ಪಾಠದ ಇಂಗ್ಲಿಷ್ ಸಾಲಿನ ಮೇಲೆ ಕಾಗದ ಮುಚ್ಚಿ, ಪಕ್ಕದಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ಮತ್ತೆ, ಯಾರಾದರೂ ಕೊರಿಯನ್ನರು ನಿಮ್ಮನ್ನು ಹೊಗಳಿದರೆ ಮೊದಲು ಪ್ರತ್ಯಯ ಯಾವುದೆಂದು ಕೇಳಿಸಿಕೊಳ್ಳಿ, ಥ್ಯಾಂಕ್ಸ್ ಆಮೇಲೆ ಹೇಳಿದರಾಯಿತು.